ಸಂತೆಯೂ ಅವರದೇ, ಸುಂಕವೂ ಅವರದೇ! ಅಂಗಡಿಯವರೇ, ಗಿರಾಕಿಗಳೇ, ಲೆಕ್ಕ ಕೇಳಿ!



ಆನ್‌ಲೈನ್ ವ್ಯಾಪಾರವನ್ನು ಬಯ್ಯುವುದಕ್ಕೆ ಈ ಕರಪತ್ರ ಅಚ್ಚು ಹಾಕಿಸಿಲ್ಲ. ನಮ್ಮಲ್ಲೇ ಎಷ್ಟೋ ಜನ ಆನ್‌ಲೈನ್‌ನಲ್ಲಿ ಮಾರುತ್ತೇವೆ. ಹಗಲೆಲ್ಲ ಅದನ್ನು ಬೈದು, ರಾತ್ರಿ ಮಲಗುವ ಮುಂಚೆ ಅದರಲ್ಲೇ ಕೊಳ್ಳುವವರೂ ನಾವೇ. ಚನ್ನಪಟ್ಟಣದ ಗೊಂಬೆಗೆ, ಇಳಕಲ್ ಸೀರೆಗೆ ದೆಹಲಿಯಲ್ಲಿ ಕೂತ ಗಿರಾಕಿ ಸಿಕ್ಕರೆ ಯಾರಿಗೆ ಬೇಡ? ಆದರೆ ಆ ಗಿರಾಕಿ ಕೊಟ್ಟ ದುಡ್ಡು ದಾರಿಯಲ್ಲಿ ಎಲ್ಲೆಲ್ಲಿ ಕರಗಿತು, ಗೊಂಬೆ ಮಾಡಿದವನ ಕೈಗೆ ಬಂದದ್ದೆಷ್ಟು? ಇದನ್ನು ಕೇಳಬೇಕಾಗಿದೆ, ಬಾಯಿಬಿಟ್ಟು ಕೇಳಬೇಕಾಗಿದೆ.

ಫ್ಲಿಪ್‌ಕಾರ್ಟ್ 2007ರಲ್ಲಿ ನಮ್ಮ ಬೆಂಗಳೂರಿನಲ್ಲೇ ಪುಸ್ತಕ ಮಾರುತ್ತಾ ಶುರುವಾಯಿತು. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಸುರಿದು ಅದರ ಶೇ. 77ರಷ್ಟು ಪಾಲು ಕೊಂಡಿತು. ಅಷ್ಟು ದುಡ್ಡಿಗೆ ಕೊಂಡದ್ದು ಗೋದಾಮಿನ ಮಾಲನ್ನಲ್ಲ. ಕೋಟಿಗಟ್ಟಲೆ ಜನ ಬಂದು ನಿಲ್ಲುವ ಬಾಗಿಲನ್ನು. ಮಾಲು ನಮ್ಮದು, ಬಂಡವಾಳ ನಮ್ಮದು, ಮಾರಾಟವಾಗದೆ ಉಳಿದರೆ ನಷ್ಟವೂ ನಮ್ಮದು. ಬಾಗಿಲು ಮಾತ್ರ ಅವರದು, ಅಲ್ಲಿ ನಿಂತು ಸುಂಕ ಎತ್ತುವುದೇ ಅವರ ವ್ಯಾಪಾರ.

ಸುಂಕ ಒಂದೇ ಸಲಕ್ಕೆ ಬರುವುದಿಲ್ಲ. ಮೊದಲು ರಿಯಾಯಿತಿ ಬರುತ್ತದೆ. ಹೂಡಿಕೆದಾರರ ದುಡ್ಡು ಸುಟ್ಟು ಗಿರಾಕಿಗೆ ಅಗ್ಗ, ಅಂಗಡಿಯವನಿಗೆ ಉಚಿತ ಎನ್ನುತ್ತಾರೆ. ಗಿರಾಕಿ ಅಲ್ಲೇ ಇದ್ದಾನೆಂದು ಅಂಗಡಿಯವನು ಹೋಗುತ್ತಾನೆ, ಅಂಗಡಿಗಳೆಲ್ಲ ಅಲ್ಲೇ ಇವೆಯೆಂದು ಗಿರಾಕಿ ಹೋಗುತ್ತಾನೆ. ಇಬ್ಬರೂ ಒಳಗೆ ಸೇರಿದ ಮೇಲೆ ಚೀಟಿ ಹರಿಯಲು ಶುರು. ಮಾರಿದ್ದಕ್ಕೆ ಕಮಿಷನ್, ಪ್ರತಿ ಆರ್ಡರಿಗೆ ನಿಗದಿ ಶುಲ್ಕ, ತೂಕ-ದೂರ ನೋಡಿ ಸಾಗಣೆ, ಅವರ ಗೋದಾಮಿನಲ್ಲಿಟ್ಟರೆ ಬಾಡಿಗೆ, ಈ ಶುಲ್ಕಗಳ ಮೇಲೆ ಜಿಎಸ್‌ಟಿ. ಇಷ್ಟೆಲ್ಲ ಕೊಟ್ಟ ಮೇಲೂ ನಿಮ್ಮ ಮಾಲು ಹತ್ತನೇ ಪುಟದಲ್ಲಿ ಬಿದ್ದಿರುತ್ತದೆ. ಮೇಲೆ ಬರಬೇಕೇ? ಜಾಹೀರಾತಿಗೆ ದುಡ್ಡು ಕಟ್ಟಿ. ಪಕ್ಕದ ಅಂಗಡಿಯವನೂ ಕಟ್ಟುತ್ತಾನೆ. ಆಗ ನೀವು ಇನ್ನಷ್ಟು ಕಟ್ಟಿ.

ಎಲ್ಲಕ್ಕಿಂತ ಕಟುವಾದದ್ದು ವಾಪಸ್ಸು. ಮನೆಯಲ್ಲಿ ಚೂಡಿದಾರ ಹೊಲಿದು ಮಾರುವ ಅಕ್ಕನನ್ನು ಕೇಳಿ ನೋಡಿ. ಬಣ್ಣ ಹಿಡಿಸಲಿಲ್ಲ ಎಂದು ಗಿರಾಕಿ ಗುಂಡಿ ಒತ್ತಿದರೆ ಮುಗಿಯಿತು. ಮಾಲು ಸುಕ್ಕಾಗಿ, ಕೆಲವೊಮ್ಮೆ ಕೊಳೆಯಾಗಿ ವಾಪಸ್ಸು ಬರುತ್ತದೆ. ಸಾಗಣೆಯ ಖರ್ಚು ಬಹಳ ಸಲ ಆಕೆಯ ತಲೆಗೇ. ಒಂದು ವಾಪಸ್ಸಿನ ನಷ್ಟ ತುಂಬಲು ಇನ್ನೆಷ್ಟು ಚೂಡಿದಾರ ಮಾರಬೇಕೆಂದು ಆಕೆ ಬೆರಳೆಣಿಸಿ ಹೇಳುತ್ತಾಳೆ. ಆ ಲೆಕ್ಕ ಯಾವ ಆ್ಯಪಿನ ಜಾಹೀರಾತಿನಲ್ಲೂ ಇರುವುದಿಲ್ಲ.

"ಕಮಿಷನ್ ಸೊನ್ನೆ" ಎಂದ ಕೂಡಲೇ ಕುಣಿಯಬೇಡಿ. ಬೆಂಗಳೂರಿನದೇ ಆದ ಮೀಶೋ 2021ರಲ್ಲಿ ಮಾರಾಟಗಾರರಿಗೆ ಕಮಿಷನ್ ತೆಗೆದುಹಾಕಿತು. 300 ರೂಪಾಯಿಗಿಂತ ಕಡಿಮೆ ಬೆಲೆಯ ಸಾಮಾನುಗಳಿಗೆ ಅಮೆಜಾನ್ ಕೂಡ 2025ರಲ್ಲಿ ಕಮಿಷನ್ ಬಿಟ್ಟಿತು. ಒಳ್ಳೆಯದೇ. ಆದರೆ ಕಂಪನಿ ಧರ್ಮಛತ್ರವಲ್ಲ. ಕಮಿಷನ್ ಬಿಟ್ಟವರ ಆದಾಯ ಜಾಹೀರಾತಿನಿಂದ, ಸಾಗಣೆಯಿಂದ ಬರುತ್ತದೆ. ನೋಡಬೇಕಾದ್ದು ಒಂದೊಂದು ಶುಲ್ಕವನ್ನಲ್ಲ. ತಿಂಗಳ ಕೊನೆಗೆ ಬ್ಯಾಂಕಿಗೆ ಬಿದ್ದ ಮೊತ್ತವನ್ನು.

ಗಿರಾಕಿಗಳೇ, ನಿಮ್ಮ ಜೇಬೂ ಇದರಲ್ಲಿದೆ. ಊಟ ತರಿಸುವ ಆ್ಯಪ್‌ಗಳು 2023ರಲ್ಲಿ ಎರಡು ರೂಪಾಯಿಯ ಪ್ಲಾಟ್‌ಫಾರ್ಮ್ ಶುಲ್ಕ ಹಾಕಿದಾಗ ಯಾರೂ ತುಟಿಪಿಟಕ್ಕೆನ್ನಲಿಲ್ಲ. ಈಗ ಅದು ಹತ್ತು ರೂಪಾಯಿ ದಾಟಿದೆ. ಇತ್ತ ಹೋಟೆಲಿನವರು ಕಮಿಷನ್ ಭರಿಸಲಾಗದೆ ಆ್ಯಪ್‌ನಲ್ಲಿ ದೋಸೆಯ ಬೆಲೆ ಏರಿಸುತ್ತಾರೆ. ಒಂದೇ ದೋಸೆಗೆ ನೀವು ಎರಡು ಕಡೆಯಿಂದ ಸುಂಕ ಕಟ್ಟುತ್ತೀರಿ. ವರ್ಷಗಟ್ಟಲೆ ಅದೇ ಹೋಟೆಲಿನಿಂದ ತರಿಸಿ ತಿಂದರೂ ನೀವು ಯಾರೆಂದು ಹೋಟೆಲಿನವರಿಗೆ ಬಹುಮಟ್ಟಿಗೆ ಗೊತ್ತಾಗುವುದಿಲ್ಲ. ನಿಮ್ಮ ಫೋನ್ ನಂಬರು ಆ್ಯಪಿನವರ ಬಳಿ ಭದ್ರ. ಕೇಳಿದರೆ ಗಿರಾಕಿಯ ಗೋಪ್ಯತೆಗಾಗಿ ಎನ್ನುತ್ತಾರೆ. ನಗು ಬರುತ್ತದೆ.

ಸುಂಕದವನೇ ಸಂತೆಯಲ್ಲಿ ಅಂಗಡಿ ಹಾಕಿದರೆ ಏನಾದೀತು? ಮುಂದಿನ ಸಾಲು ಅವನದೇ. ಈ ಭಯ ನಮ್ಮ ಕಲ್ಪನೆಯಲ್ಲ, ಕಾನೂನೇ ಒಪ್ಪಿದ ಭಯ. ವಿದೇಶಿ ಬಂಡವಾಳದ ಆನ್‌ಲೈನ್ ಮಾರುಕಟ್ಟೆ ಕೊಳ್ಳುವವರನ್ನೂ ಮಾರುವವರನ್ನೂ ಕೂಡಿಸಬಹುದು, ತಾನೇ ಮಾಲಿಟ್ಟು ಮಾರುವಂತಿಲ್ಲ. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇದನ್ನು ಇನ್ನೂ ಬಿಗಿ ಮಾಡಿತು. ತನ್ನ ಪಾಲುದಾರಿಕೆಯಿರುವ ಕಂಪನಿಯ ಮಾಲು ತನ್ನ ಜಾಲತಾಣದಲ್ಲಿ ಕೂಡದು, ಬೆಲೆಯಲ್ಲಿ ಕೈಯಾಡಿಸಕೂಡದು ಎಂದಿತು. ಆದರೂ ಕೆಲವೇ ಮಾರಾಟಗಾರರಿಗೆ ಒಳಬಾಗಿಲು ತೆರೆದಿದೆಯೆಂಬ ದೂರು ನಿಲ್ಲಲಿಲ್ಲ. ದೆಹಲಿಯ ವ್ಯಾಪಾರಿಗಳ ಸಂಘವೊಂದು ಕೊಟ್ಟ ದೂರಿನ ಮೇಲೆ 2020ರ ಜನವರಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅಮೆಜಾನ್, ಫ್ಲಿಪ್‌ಕಾರ್ಟ್ ಎರಡರ ಮೇಲೂ ತನಿಖೆಗೆ ಆದೇಶಿಸಿತು. ಕಂಪನಿಗಳು ನಮ್ಮ ಕರ್ನಾಟಕ ಹೈಕೋರ್ಟಿಗೆ ಬಂದು ತಡೆ ತಂದವು. 2021ರ ಜೂನ್‌ನಲ್ಲಿ ಹೈಕೋರ್ಟು ಅವರ ಅರ್ಜಿ ವಜಾ ಮಾಡಿತು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೂ ತನಿಖೆ ತಡೆಯಲಿಲ್ಲ. ಊಟದ ಆ್ಯಪ್‌ಗಳಾದ ಜೊಮ್ಯಾಟೊ, ಸ್ವಿಗ್ಗಿ ಮೇಲೆ 2022ರ ಏಪ್ರಿಲ್‌ನಲ್ಲಿ ತನಿಖೆ ಶುರುವಾದದ್ದೂ ಹೋಟೆಲಿನವರ ಸಂಘ ದೂರು ಕೊಟ್ಟದ್ದರಿಂದಲೇ. ಒಬ್ಬೊಬ್ಬರೇ ಕಸ್ಟಮರ್ ಕೇರಿಗೆ ಫೋನ್ ಮಾಡಿದ್ದರೆ ಇವತ್ತಿಗೂ ಸಂಗೀತ ಕೇಳುತ್ತಾ ಕೂತಿರುತ್ತಿದ್ದರು.

ಒಗ್ಗಟ್ಟಾದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ, ಬೆಂಗಳೂರಿನ ಆಟೋದವರನ್ನು ನೋಡಿ. ಕಮಿಷನ್ ಕೊಟ್ಟು ಸುಸ್ತಾಗಿದ್ದ ಚಾಲಕರ ಸಂಘದ ಬೆಂಬಲದಿಂದ 2022ರ ನವೆಂಬರ್‌ನಲ್ಲಿ "ನಮ್ಮ ಯಾತ್ರಿ" ಆ್ಯಪ್ ಬಂತು. ಬಾಡಿಗೆಯಲ್ಲಿ ಪಾಲಿಲ್ಲ, ಮುಂದೆ ಬಂದದ್ದೂ ದಿನಕ್ಕೆ 25 ರೂಪಾಯಿಯಂಥ ನಿಗದಿ ಶುಲ್ಕ, ಅಷ್ಟೇ. ಜನ ಹತ್ತಿದರು, ಚಾಲಕರು ಅತ್ತ ವಾಲಿದರು. ಆಮೇಲೆ ರಾಪಿಡೊ, ಊಬರ್, ಓಲಾ ಕೂಡ ಒಂದರ ಹಿಂದೊಂದು ಆಟೋಗಳಿಗೆ ಕಮಿಷನ್ ಬಿಟ್ಟು ನಿಗದಿ ಶುಲ್ಕದ ದಾರಿಗೆ ಬಂದವು. ಆಟೋ ಹತ್ತುವಾಗಿನ ಚೌಕಾಸಿ ತಪ್ಪಿತೇ ಎಂದು ಕೇಳಬೇಡಿ, ಅದಕ್ಕೆ ಬೇರೆ ಕರಪತ್ರ ಬೇಕು! ಆದರೆ ಸುಂಕದ ಲೆಕ್ಕ ಬದಲಾದದ್ದು ನಿಜ. ಕಾಲು ಹಿಡಿದು ಬೇಡಿದ್ದಕ್ಕೆ ಬದಲಾಗಲಿಲ್ಲ, ಇನ್ನೊಂದು ದಾರಿ ಇದೆಯೆಂದು ತೋರಿಸಿದ್ದಕ್ಕೆ ಬದಲಾಯಿತು.

ನಮಗೂ ಆ ದಾರಿ ಇದೆ. ಅಂಗಡಿಯವರೇ, ಕಳಿಸುವ ಪ್ರತಿ ಪೊಟ್ಟಣದೊಳಗೆ ನಿಮ್ಮ ಅಂಗಡಿಯ ಹೆಸರು, ವಿಳಾಸ ನಿಚ್ಚಳವಾಗಿರಲಿ. ಆ್ಯಪಿನ ಕರಾರು ಇದಕ್ಕೆ ಏನೆನ್ನುತ್ತದೆಂದು ಮೊದಲು ಓದಿಕೊಳ್ಳಿ. ಓದದೆ ಒಪ್ಪಿ ಗುಂಡಿ ಒತ್ತಿದ್ದೇ ನಮ್ಮ ಅರ್ಧ ಕಷ್ಟಕ್ಕೆ ಮೂಲ. ಅಂಗಡಿಗೆ ಬಂದವರ ನಂಬರು ಕೇಳಿ ಬರೆದಿಟ್ಟುಕೊಳ್ಳಿ. ಪೂರ್ತಿ ವ್ಯಾಪಾರವನ್ನು ಒಂದೇ ಆ್ಯಪಿನ ಕೈಗೆ ಒಪ್ಪಿಸಬೇಡಿ. ನಾಳೆ ಅವರು ಖಾತೆ ಮುಚ್ಚಿದರೆ ನಿಮ್ಮ ಅಂಗಡಿಗೂ ಬೀಗವೇ.

ಗಿರಾಕಿಗಳೇ, ಹತ್ತು ಹೆಜ್ಜೆ ದೂರದ ಅಂಗಡಿಗೆ ಆ್ಯಪಿನ ಮೂಲಕ ಹೋಗಬೇಡಿ, ಒಂದು ಫೋನ್ ಮಾಡಿ. ಬೇರೆ ಊರಿನ ಮಾಲಾದರೆ ಆ್ಯಪಿನಲ್ಲೇ ಕೊಳ್ಳಿ, ಆದರೆ ಕಣ್ಣುಬಿಟ್ಟು ಕೊಳ್ಳಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವವನ ಹೆಸರು, ವಿಳಾಸ ತೋರಿಸಲೇಬೇಕು, ನಿಮ್ಮ ದೂರು ತಲುಪಿದೆಯೆಂದು 48 ಗಂಟೆಯೊಳಗೆ ತಿಳಿಸಬೇಕು, ತಿಂಗಳೊಳಗೆ ಬಗೆಹರಿಸಬೇಕು. ನೀವು ಹಾಕದ ವಸ್ತು ಬುಟ್ಟಿಯೊಳಗೆ ಬಂದು ಕೂರುವುದು, "ಇನ್ನೆರಡೇ ಉಳಿದಿವೆ" ಎಂಬ ಸುಳ್ಳು ಅವಸರ, ಕೊನೆಯ ಪುಟದಲ್ಲಿ ಹುಟ್ಟುವ ಶುಲ್ಕ, ಇವೆಲ್ಲ ಕೇಂದ್ರ ಸರ್ಕಾರದ 2023ರ ಮಾರ್ಗಸೂಚಿಯಂತೆ ನಿಷಿದ್ಧ. ಮೊದಲು ಆ್ಯಪಿಗೇ ದೂರು ಕೊಡಿ, ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಈ ಭಾನುವಾರ ಸಂಜೆ 5ಕ್ಕೆ ಮಾರುಕಟ್ಟೆಯ ಹಿಂದೆ, ಗಣಪತಿ ಕೂರಿಸುವ ಜಾಗದಲ್ಲಿ ಸೇರೋಣ. ಆನ್‌ಲೈನ್‌ನಲ್ಲಿ ಮಾರುವವರು ಕಳೆದ ಮೂರು ತಿಂಗಳ ಪಾವತಿ ಪಟ್ಟಿಯ ಪ್ರತಿ ತನ್ನಿ. ಎಲ್ಲರ ಪಟ್ಟಿ ಒಟ್ಟಿಗಿಟ್ಟು ಯಾರಿಂದ ಎಷ್ಟು ಕಡಿತವಾಗಿದೆ ಎಂದು ಅಲ್ಲೇ ಕೂಡಿ ಕಳೆದು, ಜಂಟಿ ದೂರು ಬರೆಯೋಣ. ಲೆಕ್ಕ ಬರೆಯಬಲ್ಲ ಕಾಲೇಜು ಹುಡುಗ-ಹುಡುಗಿಯರು ದಯವಿಟ್ಟು ಬನ್ನಿ, ಕಾಫಿ ನಮ್ಮದು. ಓದಿದ ಮೇಲೆ ಈ ಹಾಳೆಯನ್ನು ಎಸೆಯಬೇಡಿ, ಪಕ್ಕದ ಅಂಗಡಿಯವರಿಗೆ ಕೊಡಿ.

ಇಂತಿ,
ಈ ಬೀದಿಯ ಅಂಗಡಿ, ಹೋಟೆಲಿನವರು ಮತ್ತು ಮನೆಯಿಂದಲೇ ಮಾರುವ ಹೆಣ್ಣುಮಕ್ಕಳು