ಸೋಂಕಿನ ನಕ್ಷೆ: ಬಣ್ಣ ತೋರಿಸಿದ್ದೆಷ್ಟು, ಮರೆಸಿದ್ದೆಷ್ಟು?

ಬೆಂಗಳೂರು: ಕೋವಿಡ್ ಪಿಡುಗಿನ ಮೊದಲ ಲಾಕ್‌ಡೌನ್ ಜಾರಿಯಲ್ಲಿದ್ದ 2020ರ ಏಪ್ರಿಲ್ 30ರಂದು ಕೇಂದ್ರ ಆರೋಗ್ಯ ಸಚಿವಾಲಯವು ದೇಶದ ಜಿಲ್ಲೆಗಳನ್ನು ಮೂರು ಬಣ್ಣಗಳಲ್ಲಿ ವಿಂಗಡಿಸಿತು. 130 ಕೆಂಪು, 284 ಕಿತ್ತಳೆ, 319 ಹಸಿರು. ಕರ್ನಾಟಕದ ಅಂದಿನ 30 ಜಿಲ್ಲೆಗಳ ಪೈಕಿ ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ ಹಾಗೂ ಮೈಸೂರು ಕೆಂಪು ವಲಯ ಸೇರಿದರೆ, 14 ಜಿಲ್ಲೆಗಳು ಹಸಿರಾದವು. ಎಲ್ಲಿ ಬಸ್ಸು ಓಡಬೇಕು, ಯಾವ ಅಂಗಡಿಯ ಬಾಗಿಲು ತೆರೆಯಬೇಕು ಎಂಬುದಕ್ಕೆ ಈ ಬಣ್ಣವೇ ಆಧಾರವಾಯಿತು.

ಆದರೆ ನಕ್ಷೆ ಒಂದು ದಿನದ ಛಾಯಾಚಿತ್ರ. ಸೋಂಕು ನಿಂತಲ್ಲಿ ನಿಲ್ಲುವುದಿಲ್ಲ. ಹಸಿರು ಪಟ್ಟಿಯಲ್ಲಿದ್ದ ಉಡುಪಿ ಜಿಲ್ಲೆಯಲ್ಲಿ ಜೂನ್ 2ರ ಒಂದೇ ದಿನ 150 ಪ್ರಕರಣಗಳು ದೃಢಪಟ್ಟವು. ಅವರಲ್ಲಿ ಬಹುತೇಕರು ಮಹಾರಾಷ್ಟ್ರದಿಂದ ಮರಳಿದವರು. ನಿನ್ನೆ ಸೋಂಕು ಇರಲಿಲ್ಲವೆಂದು ಹಸಿರು ಬಣ್ಣ ಹೇಳೀತು. ನಾಳೆ ಬಾರದೆಂಬ ಭರವಸೆಯನ್ನು ಅದು ನೀಡಲಾರದು.

ಬರಿಯ ಸಂಖ್ಯೆಯೂ ದಾರಿ ತಪ್ಪಿಸಬಲ್ಲದು. 2011ರ ಜನಗಣತಿಯಂತೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 96 ಲಕ್ಷ, ಕೊಡಗಿನದು 5.5 ಲಕ್ಷ. ಎರಡೂ ಕಡೆ ತಲಾ 500 ಪ್ರಕರಣಗಳು ವರದಿಯಾದವೆಂದು ಭಾವಿಸೋಣ. ಲಕ್ಷಕ್ಕೆ ಲೆಕ್ಕ ಹಾಕಿದರೆ ಬೆಂಗಳೂರಿನಲ್ಲಿ ಸುಮಾರು 5, ಕೊಡಗಿನಲ್ಲಿ 90. ಸಂಖ್ಯೆ ಒಂದೇ, ಅಲ್ಲಿನ ಆಸ್ಪತ್ರೆಗಳ ಮೇಲೆ ಬೀಳುವ ಹೊರೆ ಬೇರೆ.

ಹಾಗೆಂದು ಲಕ್ಷದ ಲೆಕ್ಕವೂ ದೋಷಮುಕ್ತವಲ್ಲ. ಎರಡನೇ ಅಲೆಯ ಉತ್ತುಂಗದಲ್ಲಿ, 2021ರ ಮೇ 5ರಂದು, ರಾಜ್ಯದಲ್ಲಿ 50,112 ಹೊಸ ಪ್ರಕರಣಗಳು ವರದಿಯಾದವು. ಇದರಲ್ಲಿ ಬೆಂಗಳೂರು ನಗರದ ಪಾಲು 23,106. ಅಂದರೆ ಲಕ್ಷಕ್ಕೆ ಸುಮಾರು 240. ಉಳಿದ ಜಿಲ್ಲೆಗಳಲ್ಲಿ ಈ ಪ್ರಮಾಣ ಸರಾಸರಿ 52. ಆದರೆ ಭಾಜಕವಾಗಿ ಬಳಸುವ ಜನಸಂಖ್ಯೆಯೇ ಹತ್ತು ವರ್ಷ ಹಳೆಯದು. ಅಷ್ಟರಲ್ಲಿ ಬೆಂಗಳೂರು ಬಹಳ ಬೆಳೆದಿತ್ತು. ನಿಜವಾದ ದರ 240ಕ್ಕಿಂತ ಕಡಿಮೆಯೇ ಇದ್ದಿರಬೇಕು. ಇನ್ನು ಪರೀಕ್ಷೆಯೇ ನಡೆಯದ ಹಳ್ಳಿಯ ಸೋಂಕು ಯಾವ ಲೆಕ್ಕಕ್ಕೂ ಸಿಗದು.

ಪರಿಹಾರ ಕಷ್ಟದ್ದೇನಲ್ಲ. ಭಾನುವಾರ ಪರೀಕ್ಷೆಗಳು ಇಳಿದಾಗ ಸೋಂಕೇ ಇಳಿದಂತೆ ಕಾಣದಿರಲು ಏಳು ದಿನಗಳ ಸರಾಸರಿ ಬೇಕು. ಎಲ್ಲ ಜಿಲ್ಲೆಗಳ ರೇಖೆಗಳಿಗೂ ಒಂದೇ ಅಳತೆಗೋಲು ಇರಬೇಕು. ಜೊತೆಯಲ್ಲಿ ನಡೆಸಿದ ಪರೀಕ್ಷೆಗಳ ಸಂಖ್ಯೆಯೂ ಕಾಣಬೇಕು. ಆಗ ಯಾವ ಜಿಲ್ಲೆ ಏರುತ್ತಿದೆ, ಯಾವುದು ಇಳಿಯುತ್ತಿದೆ ಎಂಬುದು ತಿಳಿಯುತ್ತದೆ.

ಆಮ್ಲಜನಕ, ಹಾಸಿಗೆಗಳನ್ನು ಸಾಗಿಸಬೇಕಾದುದು ಸೋಂಕು ಏರಿದ ಮೇಲಲ್ಲ, ಏರುತ್ತಿರುವಾಗ. ಮುಂದಿನ ಪಿಡುಗಿನಲ್ಲಿ ಜಿಲ್ಲೆಗೆ ಬಣ್ಣ ಬಳಿಯುವ ಮುನ್ನ ಅದರ ರೇಖೆಯನ್ನೊಮ್ಮೆ ನೋಡುವುದು ಒಳಿತು.