ಇಲ್ಲ ಎನ್ನುವ ಮೊದಲು

ಒಂದು ರೋಗ ಊರಲ್ಲಿಲ್ಲ ಎಂದು ಯಾವಾಗ ಹೇಳಬಹುದು? ಆಸ್ಪತ್ರೆಗೆ ಅದರ ರೋಗಿಗಳು ಬರುತ್ತಿಲ್ಲ ಎಂದ ಮಾತ್ರಕ್ಕೆ ಹೇಳಬಹುದೆ? ಟ್ರಕೋಮಾ ಎಂಬ ಕಣ್ಣಿನ ರೋಗದ ವಿಷಯದಲ್ಲಂತೂ ಅಷ್ಟು ಸಾಲದು. ಈ ಸೋಂಕು ಹತ್ತುವುದು ಬಾಲ್ಯದಲ್ಲಿ. ಬೆರಳು, ಮುಖ ಒರೆಸುವ ಬಟ್ಟೆ, ಪಿಸುರಿಗೆ ಮುತ್ತುವ ನೊಣ ಇವುಗಳಿಂದ ಅದು ಕಣ್ಣಿಂದ ಕಣ್ಣಿಗೆ ದಾಟುತ್ತದೆ. ಮತ್ತೆ ಮತ್ತೆ ತಗಲಿದರೆ ರೆಪ್ಪೆಯ ಒಳಮೈ ಕಲೆಗಟ್ಟುತ್ತದೆ. ಎಷ್ಟೋ ವರ್ಷಗಳ ಮೇಲೆ ರೆಪ್ಪೆ ಒಳಕ್ಕೆ ಮಗುಚಿಕೊಂಡು, ಕೂದಲು ಕಣ್ಣುಗುಡ್ಡೆಯನ್ನು ಉಜ್ಜಿ ಉಜ್ಜಿ ದೃಷ್ಟಿಯನ್ನೇ ತೆಗೆಯುತ್ತದೆ. ಮಗುವಾಗಿದ್ದಾಗ ಹತ್ತಿದ್ದು ಅಜ್ಜಿಯಾದಾಗ ಕುರುಡಾಗಿಸುತ್ತದೆ. ಮಗುವಿಗೆ ಹೆಚ್ಚು ತ್ರಾಸವಿಲ್ಲದಿದ್ದರೆ ಯಾರೂ ವೈದ್ಯರ ಬಳಿಗೆ ಕರೆದೊಯ್ಯುವುದಿಲ್ಲ. ಆದ್ದರಿಂದ ನೋಡುವವರೇ ಮನೆಬಾಗಿಲಿಗೆ ಹೋಗಿ ರೆಪ್ಪೆ ಮಗುಚಬೇಕು.

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿ ಹೆಚ್ಚಿನವರಿಗೆ ಈ ರೋಗದ ಹೆಸರೂ ಹೊಸದು. ಆದರೆ ಅಮೆರಿಕ 1897ರಲ್ಲಿ ಇದನ್ನು ಅಪಾಯಕಾರಿ ಅಂಟುರೋಗಗಳ ಪಟ್ಟಿಗೆ ಸೇರಿಸಿತ್ತು. ಎಲಿಸ್ ದ್ವೀಪದಲ್ಲಿ ವೈದ್ಯರು ಗುಂಡಿ ಹಾಕುವ ಕೊಕ್ಕೆಯಿಂದಲೂ ವಲಸಿಗರ ರೆಪ್ಪೆ ಎತ್ತುತ್ತಿದ್ದರು. ರೋಗ ಕಂಡರೆ ಬಂದ ಹಡಗಿನಲ್ಲೇ ವಾಪಸು. ಹ್ಯೂಸ್ಟನ್ನಿಗೆ ಹತ್ತಿರದ ಗ್ಯಾಲ್ವೆಸ್ಟನ್ ಬಂದರಿಗೂ ಅದೇ ಕಾನೂನು. ಅಲ್ಲಿ ನಡೆದದ್ದೂ ತಪಾಸಣೆಯೇ, ಆದರೆ ಬಾಗಿಲು ಹಾಕುವ ತಪಾಸಣೆ. ಅದನ್ನು ಸಮೀಕ್ಷೆ ಎನ್ನಲು ನನಗೆ ಮನಸ್ಸಿಲ್ಲ.

ಮನೆಮನೆಗೆ ಹೋಗಿ, ಖರ್ಚು ಮಾಡಿ ರೋಗ ಹುಡುಕುವ ಬದಲು ನೀರು, ಶೌಚಾಲಯಗಳಿಗೇ ಹಣ ಹಾಕಬಾರದೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಎಲ್ಲಿ ಹಾಕಬೇಕು? 2012ರಿಂದ 2016ರವರೆಗೆ 29 ದೇಶಗಳಲ್ಲಿ ನಡೆದ ಜಾಗತಿಕ ಟ್ರಕೋಮಾ ಸಮೀಕ್ಷೆಯಲ್ಲಿ 26 ಲಕ್ಷ ಜನರ ಕಣ್ಣು ನೋಡಿದರು; ಮನೆಯ ನೀರು, ಶೌಚದ ವ್ಯವಸ್ಥೆಯನ್ನೂ ಬರೆದುಕೊಂಡರು. ಒಂದರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ನೂರಕ್ಕೆ ಐವರು ಅಥವಾ ಹೆಚ್ಚು ಮಂದಿಗೆ ಸೋಂಕಿನ ಗುರುತು ಕಂಡರೆ ಜಿಲ್ಲೆಗೆಲ್ಲ ಅಜಿತ್ರೋಮೈಸಿನ್ ಎಂಬ ಔಷಧಿ ಹಂಚಬೇಕು, ಕಡಿಮೆಯಾದರೆ ನಿಲ್ಲಿಸಬಹುದು. ಎಣಿಸದೆ ಇದನ್ನು ತೀರ್ಮಾನಿಸುವುದು ಹೇಗೆ?

ಶ್ರೀಮಂತ ದೇಶವೂ ನೋಡದೆ ಇಲ್ಲ ಎನ್ನುವಂತಿಲ್ಲ. ಕೊಕ್ಕೆಹುಳು ಅಮೆರಿಕದಿಂದ ಹೋಗಿಯೇಬಿಟ್ಟಿದೆ ಎಂದು ನಂಬಿದ್ದರು. ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಅಲಬಾಮಾದ ಬಡ ಲೌಂಡ್ಸ್ ಕೌಂಟಿಯಲ್ಲಿ ಹುಡುಕಿದರು. 2017ರಲ್ಲಿ ಪ್ರಕಟವಾದ ಫಲಿತಾಂಶ: 55 ಮಂದಿಯಲ್ಲಿ 19 ಮಂದಿಯ ಮಲದಲ್ಲಿ ಅದರ ಸುಳಿವು. ಚರಂಡಿ ವ್ಯವಸ್ಥೆ ಇಲ್ಲದ ಮನೆಗಳ ಸುತ್ತ ಅದು ಉಳಿದುಕೊಂಡಿತ್ತು.

ಇನ್ನು ಟ್ರಕೋಮಾ ಎಣಿಕೆಯಲ್ಲಿ ಸಿಗುವ ಜಿಲ್ಲೆಯ ಸರಾಸರಿಯೂ ನಂಬಿ ಕೂರುವಂಥದ್ದಲ್ಲ. ನೂರಕ್ಕೆ ಮೂರು ಎಂಬ ಅಂಕಿಯೊಳಗೆ ನೀರಿಲ್ಲದ ಒಂದು ಹಾಡಿಯ ಅರ್ಧಕ್ಕರ್ಧ ಮಕ್ಕಳು ಮರೆಯಾಗಿರಬಹುದು.

ಭಾರತ 1963ರಲ್ಲಿ ಟ್ರಕೋಮಾ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ರೋಗವನ್ನು ನಿವಾರಿಸಿದ್ದಕ್ಕೆ 2024ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಸಿಕ್ಕಿತು. ನನಗೆ ನಿಜಕ್ಕೂ ಹೆಮ್ಮೆ. ಆದರೆ ಆ ಮಾನ್ಯತೆಯ ಅರ್ಥ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಅದು ಉಳಿದಿಲ್ಲ ಎಂಬುದಷ್ಟೇ. ಹಿಂದೆಂದೋ ಸೋಂಕು ತಗಲಿದವರ ರೆಪ್ಪೆ ಇನ್ನೂ ಒಳಕ್ಕೆ ತಿರುಗಬಹುದು. ಮಕ್ಕಳನ್ನು ಎತ್ತಿ ಆಡಿಸುವವರು ಹೆಂಗಸರೇ ಆದ್ದರಿಂದ ಅವರ ಕಣ್ಣೇ ಹೆಚ್ಚು ಹೋಗಿದೆ. ಒಳಕ್ಕೆ ತಿರುಗಿದ ರೆಪ್ಪೆಯನ್ನು ಸರಿಪಡಿಸಲು ಚಿಕ್ಕದೊಂದು ಶಸ್ತ್ರಚಿಕಿತ್ಸೆ ಸಾಕು. ಅದು ಬೇಕಾದವರ ಮನೆ ಯಾವುದೆಂದು ಊರಿನ ಆಶಾ ಆರೋಗ್ಯ ಕಾರ್ಯಕರ್ತೆಗೆ ತಿಳಿದಿರಬೇಕು.