ಸರಳ ಮಾತಿನ ಹೊಣೆ

ಆರೋಗ್ಯದ ತಿಳಿವಳಿಕೆ ಸರಳವಾಗಿರಲಿ ಎಂದರೆ ಬೇಡವೆನ್ನುವವರಿಲ್ಲ. ಆದರೂ ‘ಸಾರ್ವಜನಿಕರು ಸೂಕ್ತ ಮುನ್ನೆಚ್ಚರಿಕೆ ವಹಿಸತಕ್ಕದ್ದು’ ಎಂಬ ಧಾಟಿಯ ಪ್ರಕಟಣೆಗಳು ನಿಂತಿಲ್ಲ. ಬರೆಯುವವರಿಗೆ ತಿಳಿಗನ್ನಡ ಬಾರದೆಂದಲ್ಲ. ಇಂಥ ವಾಕ್ಯ ಓದಿದವರಿಗೆ ದಾರಿ ತೋರಿಸುವುದಿಲ್ಲ, ಬರೆದವರನ್ನು ಯಾವುದಕ್ಕೂ ಕಟ್ಟಿಹಾಕುವುದೂ ಇಲ್ಲ. ಅದರ ಅನುಕೂಲವಿರುವುದೇ ಅಲ್ಲಿ.

ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಇದು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯೂ ಕಾಣಿಸಿಕೊಂಡಿದೆ. ಕಾಯಿಲೆ ಬಿದ್ದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ಡಿಸೆಂಬರಿನಿಂದ ಮೇವರೆಗೆ ಇದರ ಕಾಲ. ಅದೇ ಜಿಲ್ಲೆಯ ಆಲ್ದೂರಿನ ತೋಟಗಳಲ್ಲಿ ಕಾಫಿ ಕೊಯ್ಲು ನಡೆಯುವುದೂ ಸೌದೆ, ದರಗಿಗೆಂದು ಜನ ಕಾಡು ಹೊಗುವುದೂ ಆಗಲೇ. ತೋಟದ ಕೆಲಸಗಾರರ ವಸತಿಯಾದ ಲೈನ್ ಮನೆಯವರಿಗೆ ತಿಳಿಯಬೇಕಾದದ್ದು ಇಷ್ಟು: ಕಾಯಿಲೆ ಬರುವುದು ಉಣುಗು ಕಚ್ಚಿ, ಮನುಷ್ಯರಿಂದ ಮನುಷ್ಯರಿಗೆ ಅಂಟದು. ಕಾಡಿಗೆ ಹೊರಡುವ ಮುಂಚೆ ಕೈಕಾಲಿಗೆ ಉಣುಗನ್ನು ದೂರವಿಡುವ ಡೆಪಾ ಎಣ್ಣೆ ಹಚ್ಚಿ. ಬಂದಮೇಲೆ ಬಿಸಿನೀರಿನಲ್ಲಿ ಮಿಂದು, ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಸಿಬ್ಬಂದಿಗೆ ತಿಳಿಸಿ. ಕಾಡಿಗೆ ಹೋಗಿಬಂದ ಮೇಲೆ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಆ ವಿಷಯ ಹೇಳಿ.

ಹೀಗೆ ಬರೆದ ಕೂಡಲೇ ಪ್ರಶ್ನೆಗಳೇಳುತ್ತವೆ. ಎಣ್ಣೆ ಮುಗಿದರೆ ಕೊಡುವವರು ಯಾರು? ಆಸ್ಪತ್ರೆಗೆ ಹೋದ ದಿನದ ಕೂಲಿ ಸಿಗುತ್ತದೆಯೇ? ಅಸ್ಸಾಮಿನಿಂದ ಬಂದ ಕೆಲಸಗಾರರಿಗೆ ಇದನ್ನೆಲ್ಲ ಅವರ ಮಾತಿನಲ್ಲಿ ಯಾರು ಹೇಳುತ್ತಾರೆ? ಮಸುಕು ಮಾತಿನೆದುರು ಇಂಥ ಪ್ರಶ್ನೆ ಹುಟ್ಟುವುದೇ ಇಲ್ಲ. ತಿಳಿಯಾದ ಮಾತು ಇಲಾಖೆಗೂ ತೋಟದ ಮಾಲೀಕರಿಗೂ ಹೊಣೆ ಹೊರಿಸುತ್ತದೆ.

ಬಿಚ್ಚಿ ಹೇಳಿದರೆ ಜನ ಗಾಬರಿಯಾಗುತ್ತಾರೆ ಎಂಬ ವಾದವುಂಟು. ಲಸಿಕೆಯ ಸಂಗತಿಯನ್ನೇ ತೆಗೆದುಕೊಳ್ಳಿ: ಈ ಕಾಯಿಲೆಗೆ ದಶಕಗಳ ಕಾಲ ಕೊಡುತ್ತಿದ್ದ ಲಸಿಕೆ ಸಾಕಷ್ಟು ಕಾಪಾಡುತ್ತಿಲ್ಲವೆಂದು ಕಂಡುಬಂದು 2022ರಲ್ಲಿ ನಿಂತಿತು. ‘ಹಿಂದೆ ಲಸಿಕೆ ಹಾಕಿಸಿಕೊಂಡವರೂ ಎಣ್ಣೆ ಹಚ್ಚಲೇಬೇಕು’ ಎನ್ನುವುದು ಹಿತವಾದ ಸುದ್ದಿಯಲ್ಲ ನಿಜ. ಆದರೆ ಅದನ್ನು ಹೇಳದೆ ಬಿಟ್ಟರೆ, ಹಳೆಯ ಸೂಜಿಯ ಧೈರ್ಯದ ಮೇಲೆ ಬರಿಗಾಲಲ್ಲಿ ಕಾಡಿಗಿಳಿಯುವವರನ್ನು ನಾವೇ ಕಳಿಸಿದಂತೆ.

ಆದ್ದರಿಂದ ಕರಪತ್ರ ಅಚ್ಚಾಗುವ ಮುಂಚೆ ಅದನ್ನು ತಿದ್ದಬೇಕಾದವರು ಪಂಡಿತರಲ್ಲ. ಆಶಾ ಕಾರ್ಯಕರ್ತೆ ಅದನ್ನು ಲೈನ್ ಮನೆಯಲ್ಲಿ ಓದಿ ಹೇಳಲಿ, ಕೇಳಿದವರು ನಾಳೆ ಏನು ಮಾಡುತ್ತೇವೆಂದು ತಮ್ಮ ಮಾತಿನಲ್ಲಿ ಹೇಳಲಿ. ಅರ್ಥವಾಗಲಿಲ್ಲವೆಂದರೆ ವಾಕ್ಯ ತಿದ್ದೋಣ. ಅರ್ಥವಾಯಿತು, ಮಾಡಲಾಗದು ಎಂದರೆ ತಿದ್ದಬೇಕಾದದ್ದು ವ್ಯವಸ್ಥೆಯನ್ನು.